ಮೈಕಾವಿನ ಬೆಳಕು

ಕಡಲೆ ಕಿತ್ತು, ಜೋಳ ಕೊಯ್ದು ಎರೆ ಹೊಲಗಳೆಲ್ಲ ಬಯಲಾದ ಮೇಲೆ ಮುಂಡರಗಿ ಸೀಮೆಯಲ್ಲಿ ಕುರಿ ಹಿಂಡುಗಳು ಹೊಲದಿಂದ ಹೊಲಕ್ಕೆ ಸಾಗುತ್ತವೆ. ಹೊಲದವರು ಗೊಬ್ಬರದ ಆಸೆಗೆ ಕುರಿ ತರುಬಿಸುತ್ತಾರೆ. ಕುರಿಗಾರರಿಗೆ ಅಷ್ಟಿಷ್ಟು ಕಾಳು, ಅಷ್ಟಿಷ್ಟು ರೊಕ್ಕ. ರಾತ್ರಿಯಾದರೆ ಬಲೆಯೊಳಗೆ ಕುರಿ, ಬಲೆಯ ಹೊರಗೆ ಕಂಬಳಿ ಹೊದ್ದ ಮಂದಿ, ಅವರಿಗಿಂತ ಆಚೆಗೆ ನಾಯಿ. ಪಡುವಣಕ್ಕೆ ಕಪ್ಪತಗುಡ್ಡ ಕರ್ರಗೆ ಮಲಗಿರುತ್ತದೆ. ದೂರದಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು.

ನಡುರಾತ್ರಿ ನಾಯಿ ಗುರ್ರೆನ್ನುತ್ತದೆ. ಹಿರಿಯ ಕುರಿಗಾರ ಎದ್ದು ಬ್ಯಾಟರಿ ಹಾಕುತ್ತಾನೆ. ಬೆಳಕು ಬಿದ್ದಲ್ಲಿ ಒಣ ಕೂಳೆ, ಬೀಳದಲ್ಲಿ ಏನಿದೆಯೋ ಗೊತ್ತಿಲ್ಲ. ತೋಳ ಇತ್ತ ಮುಖ ಮಾಡಿದ್ದರೆ ಎರಡು ಕಣ್ಣು ಹೊಳೆಯುತ್ತವೆ. ಅತ್ತ ತಿರುಗಿ ಕುಳಿತಿದ್ದರೆ ಅದೂ ಇಲ್ಲ. ‘ಕಣ್ಣಿಗೆ ಕಾಣಂಗಿಲ್ರಿ, ನಾಯಿಗೆ ಗೊತ್ತಾಕ್ಕೈತಿ’ ಎನ್ನುವುದು ಈ ಕಡೆಯವರ ಅನುಭವದ ಮಾತು.

ಅದೇ ಹಿರಿಯನ ಕೈಗೆ ಥರ್ಮಲ್ ದುರ್ಬೀನು ಕೊಟ್ಟರೆ ಆ ರಾತ್ರಿ ಬೇರೆಯೇ ಆಗಿ ತೋರುತ್ತದೆ. ಕೂಳೆಯ ಸಾಲಿನ ಹಿಂದೆ ಮಲಗಿದ ತೋಳ ಬೆಳ್ಳಗೆ ಎದ್ದು ಕಾಣುತ್ತದೆ, ಅದು ಯಾವ ಕಡೆ ಮುಖ ಮಾಡಿದ್ದರೂ ಸರಿ. ಉಣ್ಣೆ ದಟ್ಟವಾಗಿರುವ ಕುರಿಯ ಬೆನ್ನು ಮಂಕು, ಮುಖ ಮತ್ತು ಕಾಲು ಹೊಳಪು. ಕಂಬಳಿ ಹೊದ್ದವನ ಮೈ ಕಾಣದು, ಮುಖ ಮಾತ್ರ ದೀಪದಂತೆ ಉರಿಯುತ್ತದೆ. ಅವನು ಎದ್ದು ಹೋದ ಮೇಲೂ ಮಲಗಿದ್ದ ಜಾಗ ಕೆಲವು ನಿಮಿಷ ಬೆಳಗುತ್ತಿರುತ್ತದೆ. ಹಗಲು ಕಾದ ಗುಡ್ಡದ ಬಂಡೆಗಳು ಅಷ್ಟು ಹೊತ್ತಿನಲ್ಲೂ ಆರಿರುವುದಿಲ್ಲ.

ಕುರಿಗಾರನಿಗೆ ಇಂಥ ದುರ್ಬೀನು ಯಾರೂ ಕೊಟ್ಟಿಲ್ಲ. ಅದೇ ಊರಿನಿಂದ ಸೈನ್ಯಕ್ಕೆ ಸೇರಿದ ಹುಡುಗನಿಗೆ ಕೊಟ್ಟಿದ್ದಾರೆ. ಕಾಶ್ಮೀರದ ಯಾವುದೋ ಠಾಣೆಯಲ್ಲಿ ಕುಳಿತು ಅವನು ರಾತ್ರಿಯಿಡೀ ಇಂಥದೇ ಪರದೆ ನೋಡುತ್ತಾನೆ. ಎದುರು ಬದಿಯ ಹುಡುಗನೂ ಇವನನ್ನು ಹಾಗೆಯೇ ನೋಡುತ್ತಿರುತ್ತಾನೆ. ಇಬ್ಬರ ನಡುವಿನ ಕತ್ತಲನ್ನು ಸೀಳುವ ಈ ಯಂತ್ರಗಳಿಗೆ ಇಂದು ಜಗತ್ತಿನಾದ್ಯಂತ ದೊಡ್ಡ ಮಾರುಕಟ್ಟೆ ಬೆಳೆದಿದೆ. ಅದರ ಒಂದು ಗಟ್ಟಿ ಬೇರು ನಮ್ಮದೇ ರಾಜ್ಯದ ಬೆಂಗಳೂರಿನಲ್ಲಿದೆ.

ಕತ್ತಲು ಯಾರ ಕಡೆಗಿತ್ತು

ಈ ಯಂತ್ರ ಏನನ್ನು ಕಸಿದುಕೊಂಡಿತು ಎಂದು ತಿಳಿಯಲು ನಮ್ಮ ಸೀಮೆಯ ಇತಿಹಾಸವೇ ಸಾಕು. 1858ರ ಮೇ 29ರ ರಾತ್ರಿ ಕಂಪನಿ ಸರ್ಕಾರದ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದ. ಕಂಪನಿಯ ವಿರುದ್ಧ ಬಂಡೆದ್ದ ನರಗುಂದದ ಅರಸ ಬಾಬಾಸಾಹೇಬ ತನ್ನ ದಂಡಿನೊಡನೆ ಕತ್ತಲಲ್ಲೇ ಹೋಗಿ ಬಿಡಾರದ ಮೇಲೆ ಬಿದ್ದು ಅವನನ್ನು ಕೊಂದ. ಅದೇ ದಿನಗಳಲ್ಲಿ ಮುಂಡರಗಿ ಭೀಮರಾಯ ಡಂಬಳದ ಖಜಾನೆ ವಶಪಡಿಸಿಕೊಂಡು ಕೊಪ್ಪಳದ ಕೋಟೆ ಸೇರಿ, ಅಲ್ಲಿಯೇ ಹೋರಾಡಿ ಮಡಿದ.

ಕಂಪನಿಯ ಬಳಿ ತೋಪು, ಬಂದೂಕು, ಶಿಸ್ತಿನ ಪಲಟಣ ಎಲ್ಲವೂ ಇದ್ದವು. ಬಂಡೆದ್ದವರ ಬಳಿ ಇದ್ದದ್ದು ದಾರಿಯ ಪರಿಚಯ ಮತ್ತು ರಾತ್ರಿ. ಹಳ್ಳದ ತಿರುವು, ಗುಡ್ಡದ ಕಣಿವೆ ಯಾವುದೆಂದು ಕಣ್ಣು ಕಟ್ಟಿದರೂ ಗೊತ್ತಿದ್ದವನಿಗೆ ಕತ್ತಲು ಆಸರೆಯಾಗುತ್ತಿತ್ತು. ಸಾವಿರಾರು ವರ್ಷ ಯುದ್ಧಗಳಲ್ಲಿ ಹೀಗೇ ನಡೆಯಿತು. ಬಲ ಕಡಿಮೆ ಇದ್ದವನಿಗೆ ಸೂರ್ಯ ಮುಳುಗಿದ ಮೇಲೆ ಒಂದಿಷ್ಟು ಸಮಬಲ ಸಿಗುತ್ತಿತ್ತು.

ಆ ಸಮಬಲ ಈಗ ಹೋಗಿದೆ. ರೊಕ್ಕ ಇದ್ದವರಿಗೆ ರಾತ್ರಿಯೂ ಹಗಲೇ. ಈ ಬದಲಾವಣೆಯ ಆಳ ನಮ್ಮ ಮಾತುಕತೆಗಳಲ್ಲಿ ಸಾಕಷ್ಟು ಬಂದಿಲ್ಲ ಎಂದು ನನಗೆ ಅನಿಸುತ್ತದೆ. ಕ್ಷಿಪಣಿ, ಯುದ್ಧವಿಮಾನಗಳ ಬಗ್ಗೆ ಚಹಾದಂಗಡಿಯಲ್ಲೂ ಚರ್ಚೆಯಾಗುತ್ತದೆ. ಅವುಗಳ ಕಣ್ಣಿನ ಬಗ್ಗೆ ಯಾರೂ ಕೇಳುವುದಿಲ್ಲ.

ಹಣೆಗೆ ಹಿಡಿದ ಗನ್ನು ನೆನಪಿದೆಯೇ?

2020ರಲ್ಲಿ ಬಸ್ ನಿಲ್ದಾಣ, ಬ್ಯಾಂಕು, ಆಸ್ಪತ್ರೆಗಳ ಬಾಗಿಲಲ್ಲಿ ನಮ್ಮೆಲ್ಲರ ಹಣೆಗೆ ಬಿಳಿ ಬಣ್ಣದ ಸಣ್ಣ ಗನ್ನು ಹಿಡಿದು ಜ್ವರ ನೋಡುತ್ತಿದ್ದರು. ಮೈ ಮುಟ್ಟದೆ ಅದಕ್ಕೆ ನಮ್ಮ ಕಾವು ತಿಳಿಯುತ್ತಿತ್ತು. ಥರ್ಮಲ್ ಕ್ಯಾಮೆರಾದ ಗುಟ್ಟೂ ಅದೇ. ಜ್ವರದ ಗನ್ನು ಒಂದೇ ಒಂದು ಚುಕ್ಕೆಯ ಕಾವನ್ನು ಅಳೆದು ಅಂಕಿ ತೋರಿಸುತ್ತದೆ. ಕ್ಯಾಮೆರಾ ಅಂಥ ಮೂರು ಲಕ್ಷಕ್ಕೂ ಹೆಚ್ಚು ಚುಕ್ಕೆಗಳನ್ನು ಒಂದೇ ಸಲ ಅಳೆದು, ಬಿಸಿಯಾದದ್ದನ್ನು ಬೆಳ್ಳಗೆ, ತಣ್ಣಗಿರುವುದನ್ನು ಕಪ್ಪಗೆ ಬರೆದು ಚಿತ್ರ ಮಾಡುತ್ತದೆ.

ಜಗತ್ತಿನಲ್ಲಿರುವ ಪ್ರತಿಯೊಂದು ವಸ್ತುವೂ ತನ್ನ ಕಾವಿಗೆ ತಕ್ಕಂತೆ ಕಿರಣ ಹೊರಸೂಸುತ್ತದೆ. ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣ ಮೊದಲು ಕಪ್ಪಗೇ ಇದ್ದು ಬಿಸಿ ಹೊಡೆಯುತ್ತದೆ, ಆಮೇಲೆ ಕೆಂಪಾಗುತ್ತದೆ. ಆ ಕಪ್ಪಗಿದ್ದ ಹೊತ್ತಿನಲ್ಲೂ ಅದು ಬೆಳಗುತ್ತಿರುತ್ತದೆ, ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ. ನಮ್ಮ ಮೈಯೂ ಹಾಗೆಯೇ. ಸುಮ್ಮನೆ ಕುಳಿತ ಮನುಷ್ಯನಿಂದ ಹೊರಬೀಳುವ ಕಾವು ಹಳೆಯ 100 ವಾಟಿನ ಬಲ್ಬಿನಷ್ಟಿರುತ್ತದೆ. ಅದನ್ನು ಆರಿಸುವ ಸ್ವಿಚ್ಚು ಯಾರ ಬಳಿಯೂ ಇಲ್ಲ. ಬದುಕಿರುವುದೆಂದರೆ ಬೆಳಗುತ್ತಿರುವುದು.

ಈ ಕಾಣದ ಬೆಳಕನ್ನು 1800ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದವನು ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್. ಗಾಜಿನ ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣವಾಗಿ ಒಡೆದು, ಪ್ರತಿ ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪು ಮುಗಿದ ಆಚೆ, ಏನೂ ಕಾಣದ ಜಾಗದಲ್ಲಿ ಇಟ್ಟ ಥರ್ಮಾಮೀಟರೇ ಎಲ್ಲಕ್ಕಿಂತ ಹೆಚ್ಚು ಏರಿತು. ಇನ್ಫ್ರಾರೆಡ್ ಎಂದು ಹೆಸರಾದ ಆ ಕಿರಣಗಳನ್ನು ನಮ್ಮ ಶಾಲೆಯ ಪುಸ್ತಕಗಳು ಅವಕೆಂಪು ಎಂದು ಕರೆಯುತ್ತವೆ.

ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ, ಸುಮಾರು ಅರ್ಧ ಮೈಕ್ರಾನ್. ಮನುಷ್ಯನ ಮೈ ಅತಿ ಹೆಚ್ಚು ಸೂಸುವುದು 9ರಿಂದ 10 ಮೈಕ್ರಾನಿನ ಅಲೆಗಳನ್ನು. ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅವಕೆಂಪಿನ ಬಹುಭಾಗವನ್ನು ನುಂಗಿಬಿಡುತ್ತವೆ. ನಮ್ಮ ಅದೃಷ್ಟವೋ ದುರದೃಷ್ಟವೋ, 3ರಿಂದ 5 ಮತ್ತು 8ರಿಂದ 14 ಮೈಕ್ರಾನ್‌ಗಳ ನಡುವೆ ಗಾಳಿಯಲ್ಲಿ ಎರಡು ಕಿಟಕಿ ತೆರೆದಿವೆ. ಮನುಷ್ಯನ ಮೈಕಾವು ಸರಿಯಾಗಿ ಎರಡನೆಯ ಕಿಟಕಿಯಲ್ಲೇ ಬರುತ್ತದೆ. ಜಗತ್ತಿನ ಥರ್ಮಲ್ ಕ್ಯಾಮೆರಾಗಳೆಲ್ಲ ಈ ಎರಡು ಕಿಟಕಿಗಳಲ್ಲೇ ಇಣುಕುತ್ತವೆ.

ಪ್ರಾಣಿಗಳಿಗೆ ಈ ವಿದ್ಯೆ ಹೊಸದಲ್ಲ. ಮಲೆನಾಡಿನ ಗುಳಿಮಂಡಲ ಹಾವಿಗೆ ಕಣ್ಣು ಮತ್ತು ಮೂಗಿನ ನಡುವೆ ಒಂದು ಗುಳಿಯಿದೆ. ಕಗ್ಗತ್ತಲಲ್ಲಿ ಹತ್ತಿರ ಸುಳಿದ ಇಲಿಯ ಮೈಬಿಸಿ ಅದಕ್ಕೆ ಅಲ್ಲಿಂದಲೇ ತಿಳಿಯುತ್ತದೆ.

ಹಸಿರು ಚಿತ್ರ ಬೇರೆ, ಇದು ಬೇರೆ

ಸಿನಿಮಾದಲ್ಲಿ ಕಮಾಂಡೊಗಳು ಕಣ್ಣಿಗೆ ಕಟ್ಟಿಕೊಳ್ಳುವ ಉಪಕರಣದಲ್ಲಿ ಎಲ್ಲವೂ ಹಸಿರಾಗಿ ಕಾಣುತ್ತದಲ್ಲ, ಅದು ಥರ್ಮಲ್ ಅಲ್ಲ. ಅದು ನಕ್ಷತ್ರ, ಚಂದ್ರರ ಅತ್ಯಲ್ಪ ಬೆಳಕನ್ನೇ ಕೊಳವೆಯೊಂದರಲ್ಲಿ ಸಾವಿರಾರು ಪಟ್ಟು ಹೆಚ್ಚಿಸಿ ತೋರಿಸುವ ವ್ಯವಸ್ಥೆ. ಒಂದಿಷ್ಟಾದರೂ ಬೆಳಕು ಇದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಅದರಲ್ಲಿ ದಾರಿ, ತಂತಿ, ಮುಖಚಹರೆ ಚೆನ್ನಾಗಿ ಕಾಣುತ್ತವೆ. ಪೊದೆಯ ಹಿಂದೆ ಅಲುಗದೆ ಕುಳಿತವನು ಕಾಣುವುದಿಲ್ಲ.

ಥರ್ಮಲ್ ಕ್ಯಾಮೆರಾಕ್ಕೆ ಬೆಳಕೇ ಬೇಡ. ಕಗ್ಗತ್ತಲ ಹಗೇವಿನೊಳಗೆ ಇಳಿಸಿದರೂ ಅದು ನೋಡಬಲ್ಲದು. ಆದರೆ ಮುಖ ಗುರುತಿಸಲು, ಬರಹ ಓದಲು ಅದಕ್ಕೆ ಆಗದು. ಹಾಗಾಗಿ ಈಗಿನ ಸೈನ್ಯಗಳು ಎರಡನ್ನೂ ಬೆಸೆದ ಉಪಕರಣಗಳನ್ನು ಕೇಳುತ್ತಿವೆ. ಅವುಗಳಿಗೆ ದೂರ ಅಳೆಯುವ ಲೇಸರ್, ಹಗಲಿನ ಕ್ಯಾಮೆರಾ ಎಲ್ಲವನ್ನೂ ಸೇರಿಸಿ ಒಂದು ಗುಂಡಿನಾಕಾರದ ಪೆಟ್ಟಿಗೆಯಲ್ಲಿಟ್ಟರೆ ಹೆಲಿಕಾಪ್ಟರ್, ಹಡಗು, ಟ್ಯಾಂಕುಗಳ ಕಣ್ಣು ಸಿದ್ಧವಾಗುತ್ತದೆ.

ಥರ್ಮಲ್ ಕ್ಯಾಮೆರಾಗಳಲ್ಲೂ ಎರಡು ಜಾತಿ. ಮೊದಲು ಬಂದದ್ದು ತಂಪು ಬೇಡುವ ಜಾತಿ. ಪಾದರಸ, ಕ್ಯಾಡ್ಮಿಯಂ, ಟೆಲ್ಯೂರಿಯಂ ಬೆರೆಸಿ ಬೆಳೆಸಿದ ಹರಳಿಗೆ ಅವಕೆಂಪು ಕಿರಣ ಹಿಡಿಯುವ ಗುಣವಿದೆಯೆಂದು 1950ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದರು. ಆದರೆ ಆ ಹರಳು ತನ್ನದೇ ಕಾವಿನಿಂದ ಕುರುಡಾಗಬಾರದು. ಅದಕ್ಕಾಗಿ ಅದನ್ನು ಸೊನ್ನೆಗಿಂತ ಸುಮಾರು 196 ಡಿಗ್ರಿ ಕೆಳಗೆ ತಣ್ಣಗಿಡಬೇಕು. ಕೈಬೆರಳಿನಷ್ಟು ದಪ್ಪದ ಪುಟ್ಟ ತಂಪು ಯಂತ್ರವೊಂದು ಒಳಗೆ ಸದಾ ಗುಂಯ್ ಎನ್ನುತ್ತಿರುತ್ತದೆ. ಹಲವು ಕಿಲೋಮೀಟರ್ ದೂರದ ವಾಹನ ಕಾಣುತ್ತದೆ ನಿಜ. ತೂಕ, ಬೆಲೆ, ರಿಪೇರಿಯ ಕಾಟವೂ ಅಷ್ಟೇ ದೊಡ್ಡದು.

ಮಾರುಕಟ್ಟೆಯ ಬಾಗಿಲು ತೆರೆದದ್ದು ಎರಡನೆಯ ಜಾತಿ. ಅಮೆರಿಕದ ಹನಿವೆಲ್ ಕಂಪನಿ ಸೈನ್ಯದ ಹಣದಿಂದ ಗುಟ್ಟಾಗಿ ರೂಪಿಸಿದ್ದ ಈ ತಂತ್ರದ ಮೇಲಿನ ಗೋಪ್ಯತೆಯನ್ನು 1992ರಲ್ಲಿ ತೆಗೆದರು. ಇದರಲ್ಲಿ ವೆನೇಡಿಯಂ ಆಕ್ಸೈಡಿನ ತೆಳು ಪದರವನ್ನು ಸಿಲಿಕಾನ್ ಚಿಪ್ಪಿನ ಮೇಲೆ ಸಣ್ಣ ಸೇತುವೆಗಳಂತೆ ತೂಗುಬಿಟ್ಟಿರುತ್ತಾರೆ. ಒಂದೊಂದು ಸೇತುವೆಯ ಅಗಲ ಇಂದು 12 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪದಲ್ಲಿ ಐದಾರು ಕೂರಿಸಬಹುದು. ಎದುರಿನ ಕಾವು ತಾಗಿದಾಗ ಸೇತುವೆ ಅಣುವಿನಷ್ಟು ಬೆಚ್ಚಗಾಗುತ್ತದೆ, ಅದರ ಮೂಲಕ ಹರಿಯುವ ವಿದ್ಯುತ್ತಿನಲ್ಲಿ ವ್ಯತ್ಯಾಸವಾಗುತ್ತದೆ. ಒಂದು ಡಿಗ್ರಿಯ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಕಾವಿನ ವ್ಯತ್ಯಾಸವೂ ಇದಕ್ಕೆ ತಿಳಿಯುತ್ತದೆ. ತಂಪು ಯಂತ್ರ ಬೇಡವಾದ್ದರಿಂದ ಕ್ಯಾಮೆರಾ ಬೆಂಕಿಪೊಟ್ಟಣದಷ್ಟು ಚಿಕ್ಕದಾಯಿತು. ಬಂದೂಕಿನ ಮೇಲೆ ಕುಳಿತಿತು, ಡ್ರೋನಿನ ಹೊಟ್ಟೆಗೂ ಅಂಟಿಕೊಂಡಿತು.

ಗಾಜಿನಾಚೆ ಕುರುಡು

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಲೇಬೇಕು. ಥರ್ಮಲ್ ಕ್ಯಾಮೆರಾ ಗೋಡೆಯಾಚೆ ನೋಡುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ಸುಳ್ಳು. ಗೋಡೆ ಹಾಗಿರಲಿ, ಕಿಟಕಿಯ ಗಾಜಿನಾಚೆಯೂ ಅದಕ್ಕೆ ಕಾಣದು. ಮೈಕಾವಿನ ಕಿರಣಕ್ಕೆ ಗಾಜು ಕಲ್ಲಿದ್ದಂತೆ. ಅದಕ್ಕೆ ಕಾಣುವುದು ಹೊರಮೈಯ ಬಿಸಿ ಮಾತ್ರ.

ಈ ಮಿತಿ ಏನೆಂದು ನಮ್ಮ ಭಾಗದವರು ಮರೆಯಲಾರರು. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ ಹಿಮಗೋಡೆ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ಒಬ್ಬರು ಲಕ್ಷ್ಮೇಶ್ವರದಿಂದ ದೂರವಲ್ಲದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಇಪ್ಪತ್ತೈದು ಅಡಿ ಹಿಮದಡಿಯಲ್ಲಿ ಅವರ ಮೈಯಲ್ಲಿ ಇನ್ನೂ ಕಾವಿತ್ತು. ಆ ಕಾವು ಮೇಲಕ್ಕೆ ಬರುವಂತಿರಲಿಲ್ಲ, ಯಾವ ಥರ್ಮಲ್ ಕಣ್ಣಿಗೂ ಸಿಗುವಂತಿರಲಿಲ್ಲ. ಹಿಮ ಕೊರೆಯುವ ಯಂತ್ರ, ನೆಲದಾಳ ನೋಡುವ ರಾಡಾರ್ ಮತ್ತು ಮೂಸಿ ಹುಡುಕುವ ನಾಯಿಗಳೊಂದಿಗೆ ಸೈನಿಕರು ದಿನಗಟ್ಟಲೆ ಹಿಮ ಕಡಿದು ಅವರನ್ನು ಜೀವಂತವಾಗಿ ಹೊರತೆಗೆದರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ದಟ್ಟ ಮಂಜು, ಜೋರು ಮಳೆಯಲ್ಲೂ ಈ ಕಣ್ಣು ಮಂಕಾಗುತ್ತದೆ. ಇನ್ನೊಂದು ವಿಚಿತ್ರವೆಂದರೆ ಬೆಳಗು ಮತ್ತು ಬೈಗಿನ ಹೊತ್ತು. ನೆಲ ಕಾಯುತ್ತ ಅಥವಾ ಆರುತ್ತ ಬಂದು ಕೆಲ ನಿಮಿಷ ಎದುರಿನ ವಸ್ತುವಿನ ಕಾವಿಗೆ ಸಮನಾಗುತ್ತದೆ. ಆಗ ಚಿತ್ರದಲ್ಲಿ ಎರಡೂ ಒಂದರಲ್ಲೊಂದು ಕರಗಿಹೋಗುತ್ತವೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಎರೆ ನೆಲ ಮನುಷ್ಯನ ಮೈಗಿಂತ ಬಿಸಿಯಾಗಿರುತ್ತದೆ, ಆಗ ಮನುಷ್ಯನೇ ಕಪ್ಪು ಆಕೃತಿಯಾಗಿ ಕಾಣುತ್ತಾನೆ. ರಾಜಸ್ಥಾನದ ಮರುಭೂಮಿಯಲ್ಲಿ ಟ್ಯಾಂಕಿನೊಳಗಿನ ತಾಪಕ್ಕೆ ಹೊರದೇಶದ ಥರ್ಮಲ್ ಉಪಕರಣಗಳು ಕೈಕೊಟ್ಟ ಸುದ್ದಿಗಳು 2000ದ ದಶಕದಲ್ಲಿ ಪತ್ರಿಕೆಗಳಲ್ಲಿ ಬಂದಿದ್ದವು. ಯುರೋಪಿನ ಚಳಿಗೆ ಹೊಂದಿಸಿದ ಕಣ್ಣು ನಮ್ಮ ಬಿಸಿಲಿಗೆ ಹೊಂದುವುದಿಲ್ಲ. ನಮ್ಮ ನೆಲಕ್ಕೆ ಬೇಕಾದದ್ದನ್ನು ನಮ್ಮಲ್ಲೇ ಮಾಡಬೇಕು ಎನ್ನಲು ಇದಕ್ಕಿಂತ ಗಟ್ಟಿ ಕಾರಣ ಬೇಡ.

ಬೇಡಿಕೆ ಏರಿದ ಬಗೆ

1991ರ ಫೆಬ್ರುವರಿ 26ರಂದು ಇರಾಕಿನ ಮರಳುಗಾಡಿನಲ್ಲಿ ಬಿರುಗಾಳಿ ಎದ್ದಿತ್ತು. ಇರಾಕಿ ಟ್ಯಾಂಕಿನವರಿಗೆ ಎದುರಿನದು ಕಾಣುತ್ತಿರಲಿಲ್ಲ. ಅಮೆರಿಕದ ಟ್ಯಾಂಕುಗಳು ಥರ್ಮಲ್ ಕಣ್ಣಿನಿಂದ ಅವರನ್ನು ನೋಡಿ ಒಂದೊಂದಾಗಿ ಹೊಡೆದವು. ಜಗತ್ತಿನ ಸೇನೆಗಳೆಲ್ಲ ಅಂದು ಪಾಠ ಕಲಿತವು.

ನಮಗೆ ಆ ಪಾಠ ಕಾರ್ಗಿಲ್‌ನಲ್ಲಿ ಆಯಿತು. 1999ರ ಜೂನ್ 24ರಂದು ಟೈಗರ್ ಹಿಲ್ ಮೇಲೆ ಮಿರಾಜ್ ವಿಮಾನ ಲೇಸರ್ ನಿರ್ದೇಶಿತ ಬಾಂಬು ಹಾಕಿದಾಗ ಗುರಿ ತೋರಿಸಿದ್ದು ಇಸ್ರೇಲಿನಿಂದ ಬಂದ, ಅವಕೆಂಪು ಕ್ಯಾಮೆರಾ ಇದ್ದ, ವಿಮಾನದಡಿ ಸಿಕ್ಕಿಸುವ ಪಾಡ್. ಕೆಳಗೆ ಬಂಡೆ ಹತ್ತುತ್ತಿದ್ದ ಪದಾತಿಗಳಿಗೆ ಅಂಥ ಸೌಕರ್ಯ ಎಲ್ಲರಿಗೂ ಇರಲಿಲ್ಲ. ಆ ನಂತರದ ವರ್ಷಗಳಲ್ಲಿ ಗಡಿ ಭದ್ರತಾ ಪಡೆ ಮತ್ತು ಸೇನೆ ಕೈಯಲ್ಲಿ ಹಿಡಿಯುವ ಥರ್ಮಲ್ ದುರ್ಬೀನುಗಳನ್ನು, ಕಂಬದ ಮೇಲೆ ನಿಲ್ಲಿಸುವ ದೂರದರ್ಶಕಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳತೊಡಗಿದವು.

2022ರಲ್ಲಿ ಶುರುವಾದ ಉಕ್ರೇನಿನ ಯುದ್ಧ ಲೆಕ್ಕವನ್ನೇ ತಲೆಕೆಳಗು ಮಾಡಿತು. ಅಲ್ಲಿ ಥರ್ಮಲ್ ಕಣ್ಣು ಹೊತ್ತ ಸಣ್ಣ ಡ್ರೋನುಗಳು ರಾತ್ರಿಯಿಡೀ ಕಂದಕಗಳ ಮೇಲೆ ಹಾರುತ್ತವೆ. ಅವುಗಳಲ್ಲಿ ಬಹಳಷ್ಟು ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಕ್ಯಾಮೆರಾವೂ ಗುಂಡಿನಂತೆ ಖರ್ಚಾಗುವ ಸರಕಾಯಿತು. ಹತ್ತು ವರ್ಷ ಬಾಳುವ ಒಂದು ದುಬಾರಿ ದುರ್ಬೀನು ಕೊಳ್ಳುತ್ತಿದ್ದ ಸೈನ್ಯಗಳು ಈಗ ಸಾವಿರಗಟ್ಟಲೆ ಅಗ್ಗದ ಕಣ್ಣು ಕೇಳುತ್ತಿವೆ. ಗಾಯಗೊಂಡು ಹೊಲದಲ್ಲಿ ಬಿದ್ದವನು ಉಸಿರಾಡುತ್ತಿರುವಷ್ಟು ಕಾಲ ಮೇಲಿನಿಂದ ಬೆಳ್ಳಗೆ ಕಾಣುತ್ತಿರುತ್ತಾನೆ. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಆ ಹುಡುಗನನ್ನು ಹೊತ್ತು ತರಲು ರಾತ್ರಿಯ ಮರೆಯೂ ಈಗ ಇಲ್ಲ.

2025ರ ಮೇ 8ರ ರಾತ್ರಿ ಅದೇ ಬಗೆಯ ಯುದ್ಧ ನಮ್ಮ ಪಶ್ಚಿಮ ಗಡಿಗೂ ಬಂತು. ಪಾಕಿಸ್ತಾನ 36 ಕಡೆಗಳಲ್ಲಿ 300ರಿಂದ 400 ಡ್ರೋನ್ ಹಾರಿಸಿತೆಂದು ಸರ್ಕಾರ ಹೇಳಿತು. ಅವುಗಳನ್ನು ಹೊಡೆದುರುಳಿಸಿದ ಆಯುಧಗಳಲ್ಲಿ ಎಲ್-70 ಎಂಬ ಹಳೆಯ ಸ್ವೀಡಿಷ್ ವಿನ್ಯಾಸದ ತೋಪೂ ಇತ್ತು. ಅಜ್ಜನ ಕಾಲದ ಆ ತೋಪಿಗೆ ಹಗಲು-ರಾತ್ರಿ ನೋಡುವ ಹೊಸ ಕಣ್ಣು ಕೂರಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್).

ಜಾಲಹಳ್ಳಿಯಿಂದ ಗುಬ್ಬಿವರೆಗೆ

1954ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಬಿಇಎಲ್ ಮೊದಲು ಮಾಡಿದ್ದು ಸೈನ್ಯದ ರೇಡಿಯೊ. 2024-25ರಲ್ಲಿ ಅದರ ವರ್ಷದ ವಹಿವಾಟು 23 ಸಾವಿರ ಕೋಟಿ ರೂಪಾಯಿ ದಾಟಿತು. ಅದರಲ್ಲಿ ರಾಡಾರ್, ಸಂಪರ್ಕ ಸಾಧನಗಳ ಪಾಲೂ ದೊಡ್ಡದು. ಕಣ್ಣುಗಳ ಕೆಲಸ ಅದರ ಹಲವು ಘಟಕಗಳಲ್ಲಿ ಹಂಚಿಹೋಗಿದೆ: ಬೆಳಕು ಹೆಚ್ಚಿಸುವ ಕೊಳವೆ ಪುಣೆಯಲ್ಲಿ, ದುರ್ಬೀನು ಮತ್ತು ಟ್ಯಾಂಕಿನ ಕಣ್ಣುಗಳು ಆಂಧ್ರದ ಮಚಲಿಪಟ್ಟಣದಲ್ಲಿ.

ಪೀಣ್ಯದಲ್ಲಿ ಇಸ್ರೊದ ಲಿಯೋಸ್ ಪ್ರಯೋಗಾಲಯವಿದೆ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಅದೇ ಆವರಣದಲ್ಲಿ. ಇಂದು ಅಲ್ಲಿ ಉಪಗ್ರಹಗಳಿಗೆ ಬೇಕಾದ ಮಸೂರ, ಸೆನ್ಸರ್‌ಗಳ ಕೆಲಸ ನಡೆಯುತ್ತದೆ. ಟಿವಿಯಲ್ಲಿ ರಾತ್ರಿ ಹೊತ್ತಿನಲ್ಲೂ ಅರಬ್ಬಿ ಸಮುದ್ರದ ಮೇಲೆ ಮೋಡ ಸುತ್ತುವ ಚಿತ್ರ ನೋಡಿ ‘ನಾಳೆ ಮಳಿ ಬರತೈತಿ’ ಎನ್ನುತ್ತೇವಲ್ಲ, ಅದು ಇನ್ಸ್ಯಾಟ್ ಉಪಗ್ರಹದ ಅವಕೆಂಪು ಕಣ್ಣಿಗೆ ಕಂಡದ್ದು. ಮೋಡದ ತುದಿ ಎಷ್ಟು ತಣ್ಣಗಿದೆಯೋ ಅಷ್ಟು ಬೆಳ್ಳಗೆ ತೋರಿಸುತ್ತಾರೆ. ಯುದ್ಧದ ಕಣ್ಣು ಮತ್ತು ಮಳೆಯ ಕಣ್ಣು ಒಂದೇ ವಂಶದವು.

ಖಾಸಗಿ ಕಂಪನಿಗಳೂ ಬೆಂಗಳೂರಿನಲ್ಲಿ ಬೇರುಬಿಟ್ಟಿವೆ. 2003ರಲ್ಲಿ ಶುರುವಾದ ಆಲ್ಫಾ ಡಿಸೈನ್ ಥರ್ಮಲ್ ಉಪಕರಣಗಳನ್ನು ಮಾಡುತ್ತದೆ. ಇಸ್ರೇಲಿನ ಎಲ್ಬಿಟ್ ಜೊತೆ ಸೇರಿ ಅದು ತಯಾರಿಸಿದ ಸ್ಕೈಸ್ಟ್ರೈಕರ್ ಡ್ರೋನುಗಳ ಹೆಸರು 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನದ ಮೇಲೆ ನಡೆಸಿದ ಕಾರ್ಯಾಚರಣೆಯ ಸುದ್ದಿಯಲ್ಲಿ ಮತ್ತೆ ಮತ್ತೆ ಬಂತು. ಟೊಂಬೊ ಇಮೇಜಿಂಗ್ ಬಂದೂಕು, ವಾಹನ, ಡ್ರೋನುಗಳಿಗೆ ಕಣ್ಣು ಮಾಡಿ ಹೊರದೇಶಕ್ಕೂ ಮಾರುತ್ತದೆ. ಟೊಂಬೊ ಎಂದರೆ ಜಪಾನಿ ಭಾಷೆಯಲ್ಲಿ ಏರೋಪ್ಲೇನ್ ಚಿಟ್ಟೆ. ತಲೆಯ ಬಹುಭಾಗ ಕಣ್ಣೇ ಆಗಿರುವ ಹುಳು.

2025ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಎಚ್‌ಎಎಲ್ ಜೊತೆ 156 ಪ್ರಚಂಡ್ ಹೆಲಿಕಾಪ್ಟರುಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಬೆಂಗಳೂರು ಮತ್ತು ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಅವು ತಯಾರಾಗಲಿವೆ. ಪ್ರತಿಯೊಂದರ ಮೂಗಿನ ಮೇಲೂ ಅತ್ತಿತ್ತ ತಿರುಗುವ ಕಣ್ಣಿನ ಗುಂಡು ಇರುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಪದಾತಿಗಳ ಸಿಗ್ ಬಂದೂಕಿಗೆ ರಾತ್ರಿ ಕಣ್ಣು ಕೂರಿಸಲು 659.47 ಕೋಟಿ ರೂಪಾಯಿಯ ಒಪ್ಪಂದವಾಯಿತು. ಅದು ಕಾನ್ಪುರದ ಎಂಕೆಯು ನೇತೃತ್ವದ ಕೂಟಕ್ಕೆ ಸಿಕ್ಕಿತು. ಅದು ಥರ್ಮಲ್ ಅಲ್ಲ, ನಕ್ಷತ್ರದ ಬೆಳಕು ಹೆಚ್ಚಿಸುವ ಜಾತಿ. ಬಿಡಿ ಸೈನಿಕನ ಬಂದೂಕಿಗೂ ರಾತ್ರಿಯ ಕಣ್ಣು ಬೇಕೆಂದು ಸೇನೆ ನಿರ್ಧರಿಸಿದೆ ಎಂಬುದು ಇದರಿಂದ ತಿಳಿಯುತ್ತದೆ. ಹೊರಗೆ ಮಾರುವ ಲೆಕ್ಕ ನೋಡಿದರೆ, 2024-25ರಲ್ಲಿ ದೇಶದ ಒಟ್ಟು ರಕ್ಷಣಾ ರಫ್ತು 23,622 ಕೋಟಿ ರೂಪಾಯಿ ಮುಟ್ಟಿತು.

ಹೆಮ್ಮೆ ಪಡಬೇಕಾದ ಸಂಗತಿಗಳೇ. ಆದರೂ ಮನಸ್ಸನ್ನು ಕೊರೆಯುವ ಮಾತೊಂದಿದೆ. ಪೆಟ್ಟಿಗೆ ನಮ್ಮದು, ಮಸೂರ ಉಜ್ಜುವ ಕೆಲಸ ನಮ್ಮದು, ಚಿತ್ರ ತಿದ್ದುವ ಸಾಫ್ಟ್‌ವೇರ್ ನಮ್ಮದು. ಕಾವನ್ನು ಹಿಡಿಯುವ ಆ ಹೆಬ್ಬೆರಳಿನುಗುರಿನಷ್ಟು ಚಿಪ್ಪು ಮಾತ್ರ ಬಹುಪಾಲು ಹೊರಗಿನಿಂದ ಬರುತ್ತದೆ, ಫ್ರಾನ್ಸಿನಿಂದ, ಇಸ್ರೇಲಿನಿಂದ. ದೆಹಲಿ, ಡೆಹರಾಡೂನ್‌ಗಳ ಡಿಆರ್‌ಡಿಒ ಪ್ರಯೋಗಾಲಯಗಳು ದಶಕಗಳಿಂದ ಇದರ ಬೆನ್ನು ಹತ್ತಿವೆ. ಪ್ರಯೋಗಾಲಯದಲ್ಲಿ ಒಂದು ಮಾಡುವುದಕ್ಕೂ ಕಾರ್ಖಾನೆಯಲ್ಲಿ ಲಕ್ಷ ಮಾಡುವುದಕ್ಕೂ ಅಂತರ ದೊಡ್ಡದು. ಎತ್ತು ನಮ್ಮದು, ಬಂಡಿ ನಮ್ಮದು, ಕೀಲು ಬೇರೆಯವರ ಮನೆಯಲ್ಲಿದೆ. ಯುದ್ಧದ ದಿನ ಆ ಮನೆಯವರು ಬಾಗಿಲು ಹಾಕಿಕೊಂಡರೆ ಬಂಡಿ ನಿಲ್ಲುತ್ತದೆ.

ಸತುವಿನ ಗಸಿಯಲ್ಲಿ ಸಿಗುವ ಲೋಹ

ಗಾಜು ಮೈಕಾವಿಗೆ ಕಲ್ಲಿದ್ದಂತೆ ಎಂದೆವಲ್ಲ, ಹಾಗಾದರೆ ಈ ಕ್ಯಾಮೆರಾಗಳ ಮಸೂರ ಯಾವುದರದು? ಹೆಚ್ಚಾಗಿ ಜರ್ಮೇನಿಯಂನದು. 1886ರಲ್ಲಿ ಜರ್ಮನಿಯ ಕ್ಲೆಮೆನ್ಸ್ ವಿಂಕ್ಲರ್ ಕಂಡುಹಿಡಿದ ಲೋಹದಂಥ ವಸ್ತು. ನಮ್ಮ ಕಣ್ಣಿಗೆ ಅದು ಬೂದುಬಣ್ಣದ ಕನ್ನಡಿ, ಆಚೆಗೆ ಏನೂ ಕಾಣದು. ಅವಕೆಂಪಿಗೆ ಮಾತ್ರ ತಿಳಿನೀರು.

ಇದಕ್ಕೆ ತನ್ನದೇ ಗಣಿ ಇಲ್ಲವೆಂದೇ ಹೇಳಬಹುದು. ಸತುವಿನ ಅದಿರು ಕರಗಿಸಿದ ಮೇಲೆ ಉಳಿಯುವ ಗಸಿಯಲ್ಲಿ, ಕಲ್ಲಿದ್ದಲಿನ ಬೂದಿಯಲ್ಲಿ ಚೂರುಪಾರು ಸಿಗುತ್ತದೆ. ಅದನ್ನು ಶುದ್ಧಿ ಮಾಡುವುದರಲ್ಲಿ ಚೀನಾ ಮೊದಲ ಸ್ಥಾನದಲ್ಲಿದೆ. 2023ರ ಆಗಸ್ಟ್ 1ರಿಂದ ಚೀನಾ ಅದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು, 2024ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಕೊಡುವುದನ್ನೇ ನಿಲ್ಲಿಸಿತು. ಬೆಲೆ ಗಗನಕ್ಕೇರಿತು. ಭಾರತ ಸರ್ಕಾರ 2023ರಲ್ಲಿ ಹೊರಡಿಸಿದ 30 ಅತಿಮುಖ್ಯ ಖನಿಜಗಳ ಪಟ್ಟಿಯಲ್ಲಿ ಜರ್ಮೇನಿಯಂ ಇದೆ. ಮಸೂರ ಮಾಡುವವರು ಈಗ ಸೆಲೆನಿಯಂ ಬೆರೆಸಿದ ವಿಶೇಷ ಗಾಜಿನತ್ತ ತಿರುಗುತ್ತಿದ್ದಾರೆ. ಅದನ್ನು ಅಚ್ಚಿನಲ್ಲಿ ಒತ್ತಿ ಮಾಡಬಹುದು, ಜರ್ಮೇನಿಯಂ ಕಡಿಮೆ ಸಾಕು.

ಕದ್ದು ನೋಡುವವರ ಕೈಗೂ

ಇಂಥ ಕಣ್ಣು ಯಾರ ಕೈಗೆ ಬೇಕಾದರೂ ಹೋಗಬಾರದೆಂದು ದೇಶಗಳು ನಿಯಮ ಮಾಡಿಕೊಂಡಿವೆ. ವಾಸೆನಾರ್ ಒಪ್ಪಂದ ಎಂಬ ಆ ಕೂಟಕ್ಕೆ ಭಾರತ 2017ರ ಡಿಸೆಂಬರಿನಲ್ಲಿ ಸೇರಿತು. ಅದರಲ್ಲೊಂದು ಸ್ವಾರಸ್ಯದ ಗೆರೆಯಿದೆ: ಸೆಕೆಂಡಿಗೆ 9ಕ್ಕಿಂತ ಹೆಚ್ಚು ಚಿತ್ರ ತೆಗೆಯದ ಥರ್ಮಲ್ ಕ್ಯಾಮೆರಾಗಳಿಗೆ ಬಿಗಿ ಕಡಿಮೆ. ಟ್ರಾನ್ಸ್‌ಫಾರ್ಮರಿನ ಜಾಯಿಂಟು ಕಾದಿದೆಯೇ, ಚಾವಣಿಯಲ್ಲಿ ನೀರು ಸೋರುತ್ತಿದೆಯೇ ಎಂದು ನೋಡಲು 9 ಸಾಕು. ಓಡುವ ಗುರಿಯನ್ನು ಹಿಂಬಾಲಿಸಲು ಸಾಲದು.

ಆದರೆ ಬೆಲೆ ಇಳಿದಂತೆ ಗೆರೆಗಳು ಮಸುಕಾಗುತ್ತವೆ. ಕಳ್ಳಬೇಟೆಗಾರ ಬಂದೂಕಿಗೆ ಥರ್ಮಲ್ ಕಣ್ಣು ಸಿಕ್ಕಿಸಿಕೊಂಡರೆ ಮಲಗಿದ ಜಿಂಕೆಗೆ ಅವನು ಬಂದದ್ದೇ ತಿಳಿಯುವುದಿಲ್ಲ. ಮೊದಲು ಸರ್ಚ್‌ಲೈಟ್ ಹಾಕಬೇಕಿತ್ತು, ಆ ಬೆಳಕು ನೋಡಿ ಅರಣ್ಯ ಕಾವಲುಗಾರರಾದರೂ ಓಡಿ ಬರುತ್ತಿದ್ದರು. ಇನ್ನು ಮುಂದೆ ಬೆಳಕೂ ಇಲ್ಲ. ರಕ್ಷಣಾ ರಫ್ತಿನ ಅಂಕಿ ಲೆಕ್ಕ ಹಾಕುವಷ್ಟೇ ಶ್ರದ್ಧೆಯಿಂದ ಒಳನಾಡಿನಲ್ಲಿ ಇವು ಯಾರಿಗೆ ಮಾರಾಟವಾಗುತ್ತಿವೆ ಎಂಬ ಲೆಕ್ಕವನ್ನೂ ಇಡಬೇಕು.

ಕಪ್ಪತಗುಡ್ಡದ ಮೇಲೆ

ಕಾಡಿನವರ ಕೈಗೂ ಈ ಕಣ್ಣು ಬರುತ್ತಿದೆ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ಮಕ್ಕಳ ಮೇಲೆ ಬೀಳುತ್ತಿದ್ದ ತೋಳಗಳನ್ನು ಕಬ್ಬಿನ ಗದ್ದೆಗಳಲ್ಲಿ ಹುಡುಕಿದ್ದು ಥರ್ಮಲ್ ಡ್ರೋನಿನಿಂದ. ಆ ವರ್ಷದ ಕೊನೆಯ ದಿನ ಮೈಸೂರಿನ ಇನ್ಫೊಸಿಸ್ ಆವರಣಕ್ಕೆ ನುಗ್ಗಿದ ಚಿರತೆಯ ಶೋಧಕ್ಕೂ ಅದನ್ನೇ ಬಳಸಿದರು. ಯುದ್ಧಕ್ಕೆಂದು ಹುಟ್ಟಿದ ಯಂತ್ರ ಗುಂಡು ಹಾರಿಸದೆ ಪ್ರಾಣಿಯನ್ನೂ ಮನುಷ್ಯನನ್ನೂ ಬೇರೆ ಬೇರೆ ದಾರಿಗೆ ಕಳಿಸಬಲ್ಲದು ಎಂಬುದು ನನಗೆ ಸಮಾಧಾನದ ಮಾತು.

2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ಹರಡಿದೆ. ಚಿರತೆ, ಕತ್ತೆಕಿರುಬ, ತೋಳ ಎಲ್ಲವೂ ರಾತ್ರಿ ಸಂಚಾರದವು. ನೆರೆಯ ಕೊಪ್ಪಳದ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಾಗಿದೆ. ಶಿರಹಟ್ಟಿಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ನೀರಲ್ಲಿದ್ದು ಸಂಜೆಗೆ ಹೊಲಗಳತ್ತ ಮೇಯಲು ಏಳುತ್ತವೆ. ನಮ್ಮೂರ ಸೈನಿಕ ಪರದೆಯ ಮುಂದೆ ಕುಳಿತಿರುವ ಅದೇ ಹಿಮಾಲಯದ ಸಾಲು ದಾಟಿ ಬಂದ ಹಕ್ಕಿಗಳು. ಅವು ಕತ್ತಲಲ್ಲಿ ಯಾವ ಹೊಲದಲ್ಲಿ ಇಳಿಯುತ್ತವೆ, ಕುರಿ ತರುಬಿದಲ್ಲಿಗೆ ತೋಳ ಯಾವ ದಾರಿಯಿಂದ ಬರುತ್ತದೆ ಎಂದು ತಿಳಿಯಲು ತಾಲ್ಲೂಕಿಗೊಂದು ಥರ್ಮಲ್ ಡ್ರೋನ್ ಸಾಕು. ಒಂದು ಯುದ್ಧ ಹೆಲಿಕಾಪ್ಟರಿನ ಬೆಲೆಯ ಎದುರು ಅದು ಲೆಕ್ಕಕ್ಕೇ ಬರುವುದಿಲ್ಲ.

ಗುಡ್ಡದ ಮೇಲೆ ಒಂದು ಥರ್ಮಲ್ ಕಣ್ಣು ಮಾತ್ರ ಈಗಾಗಲೇ ಕಾವಲಿದೆ, ನೂರಾರು ಕಿಲೋಮೀಟರ್ ಎತ್ತರದಲ್ಲಿ. ಬೇಸಿಗೆಯಲ್ಲಿ ಬಾದೆ ಹುಲ್ಲು ಒಣಗಿ ನಿಂತಾಗ ಯಾರೋ ಎಸೆದ ಬೀಡಿಗೆ ಕಪ್ಪತಗುಡ್ಡ ಹೊತ್ತಿಕೊಳ್ಳುತ್ತದೆ. ಮೇಲೆ ಹಾದುಹೋಗುವ ಉಪಗ್ರಹದ ಅವಕೆಂಪು ಸೆನ್ಸರಿಗೆ ಆ ಬಿಸಿ ಚುಕ್ಕೆ ಕಾಣುತ್ತದೆ, ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಅದನ್ನು ಅಕ್ಷಾಂಶ-ರೇಖಾಂಶ ಮಾಡಿ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಮುಂಡರಗಿ ಕಡೆಯ ಗಸ್ತು ಸಿಬ್ಬಂದಿ ಜೇಬಿನಿಂದ ಫೋನು ತೆಗೆದು ನೋಡುತ್ತಾರೆ, ಗುಡ್ಡದ ಕಡೆ ನೋಡುತ್ತಾರೆ, ಹಸಿ ಸೊಪ್ಪಿನ ಟೊಂಗೆ ಮುರಿದುಕೊಂಡು ಬೆಂಕಿ ಬಡಿಯಲು ಏರತೊಡಗುತ್ತಾರೆ.